ಶ್ರೀಯಾಳ ಮದ್ದಿಗೆ ಕೊಡುವವರು

ಮಗಳ ತಲೆ ಬಾಚುವಾಗ ಮಯೂರಿಯ ಗಮನವೆಲ್ಲ ಬೆನ್ನಿನ ಮೇಲೆಯೇ ಇರುತ್ತಿತ್ತು. ಜಡೆಯನ್ನು ಬೆರಳುಗಳು ತಮ್ಮ ಪಾಡಿಗೆ ತಾವು ಹೆಣೆಯುತ್ತಿದ್ದವು. ಅವಳು ಮಾತ್ರ ಮುಂದಕ್ಕೆ ಬಾಗಿ, ಕೆನ್ನೆಯನ್ನು ಶ್ರೀಯಾಳ ಹೆಗಲ ಹತ್ತಿರ ತಂದು, ಒಳಗೆಲ್ಲಾದರೂ ಸುಂಯ್ ಎನ್ನುವ ಸಣ್ಣ ಸದ್ದು ಇದೆಯೇ ಎಂದು ಕಿವಿಗೊಡುತ್ತಿದ್ದಳು. ಎಂಟು ವರ್ಷದ ಶ್ರೀಯಾಗೆ ಇದು ಗೊತ್ತಿತ್ತು.

“ಅಮ್ಮಾ, ಸ್ಟಾಪ್ ಲಿಸನಿಂಗ್ ಟು ಮೈ ಬ್ಯಾಕ್,” ಎಂದಳು.

“ಜಡೆ ಹಾಕ್ತಾ ಇದೀನಿ ಕಣೇ.”

“ಯು ಆರ್ ನಾಟ್ ಲಾ,” ಎಂದಳು ಶ್ರೀಯಾ, ಇಲ್ಲಿನ ಮಕ್ಕಳ ಹಾಗೆ ಕೊನೆಗೊಂದು ‘ಲಾ’ ಸೇರಿಸಿ.

ಮುಂಬಾಗಿಲ ಪಕ್ಕದ ಕಿಟಕಿ ಮುಚ್ಚಿತ್ತು. ಈ ಪರದೇಶದ ಊರು ಪುಚೊಂಗ್‌ನ ಆ ಬೀದಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತಿವೆ. ಪಕ್ಕದ ಮನೆಯ ಸುಮತಿಯ ಗಂಡ ಬೆಳಗಿನ ಕಾಫಿಯ ಜೊತೆ ಪೋರ್ಚಿನಲ್ಲಿ ಕುಳಿತು ಸಿಗರೇಟು ಹಚ್ಚಿದರೆ ಹೊಗೆ ನೇರ ಇವರ ಹಾಲ್‌ಗೇ ಬರುತ್ತದೆ. ಅವನು ಕೆಟ್ಟವನೇನಲ್ಲ. ಶ್ರೀಯಾ ಹೊರಗೆ ಬಂದರೆ ಸಿಗರೇಟನ್ನು ಬೆನ್ನ ಹಿಂದೆ ಹಿಡಿದು “ಗುಡ್ ಮಾರ್ನಿಂಗ್ ಗರ್ಲ್” ಎನ್ನುತ್ತಾನೆ. ಅವನ ಮಗ ಅನೀಶನಿಗೂ ಶ್ರೀಯಾಳದ್ದೇ ಉಬ್ಬಸ.

ಶ್ರೀಯಾಳದ್ದು ಸಾಮಾನ್ಯ ಉಬ್ಬಸವಾಗಿರಲಿಲ್ಲ. ಬಾಯಿಗೆ ಹಿಡಿದು ಎಳೆಯುವ ಪಂಪಿಗೂ ಮಾತ್ರೆಗೂ ಬಗ್ಗದೆ, ಮೂರನೆಯ ವರ್ಷದಿಂದ ಅವಳನ್ನು ಮತ್ತೆ ಮತ್ತೆ ಆಸ್ಪತ್ರೆಯ ಹಾಸಿಗೆಗೆ ಹಾಕಿತ್ತು. ಕೊನೆಗೆ ಡಾಕ್ಟರ್ ಮಧ್ವರಾಜರು ತಿಂಗಳಿಗೊಮ್ಮೆ ತೋಳಿಗೆ ಕೊಡುವ ಹೊಸ ಚುಚ್ಚುಮದ್ದನ್ನು ಶುರುಮಾಡಿದರು. ಅದು ಎಂಥ ದುಬಾರಿ ಮದ್ದೆಂದರೆ, ಗಂಡ ಶ್ರೀಪತಿಯ ಕಂಪನಿಯ ಇನ್ಶೂರೆನ್ಸ್ ಇಲ್ಲದಿದ್ದರೆ ಅದರ ಹೆಸರನ್ನೂ ಅವರು ಕೇಳುತ್ತಿರಲಿಲ್ಲ. ಈಗ ಶ್ರೀಯಾ ಬ್ಯಾಡ್ಮಿಂಟನ್ ಆಡುತ್ತಾಳೆ. ಮೆಟ್ಟಿಲು ಹತ್ತಿ ಬಂದು ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಾಳೆ. ಮಯೂರಿಗೆ ಈ ಲೋಕದಲ್ಲಿ ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ.

ಮಧ್ವರಾಜರು ಉಡುಪಿಯ ಕಡೆಯವರು. ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ, ವಾರದಲ್ಲಿ ಕೆಲವು ದಿನ ಸುಬಾಂಗ್ ಜಯಾದ ಆಸ್ಪತ್ರೆಗೆ ಬರುತ್ತಿದ್ದರು. ಅವರ ಫೋನು ಬಂದಾಗ ಮಯೂರಿ ಕುಕ್ಕರಿನ ಮುಂದೆ ನಿಂತಿದ್ದಳು. ಸಿಗರೇಟಿನ ಮೇಲೆ ಸುಂಕ ಏರಿಸಿ, ಆ ಹಣವನ್ನು ದೀರ್ಘ ಕಾಯಿಲೆಯ ಮಕ್ಕಳ ಚಿಕಿತ್ಸೆಗೇ ಮೀಸಲಿಡಬೇಕೆಂಬ ಮಾತು ಆಗ ದೇಶದಲ್ಲೆಲ್ಲ ನಡೆಯುತ್ತಿತ್ತು. ಕರಡಿನಲ್ಲಿ ‘ಇಲ್ಲಿ ವಾಸಿಸುವ ಎಲ್ಲ ಮಕ್ಕಳಿಗೆ’ ಎಂದಿತ್ತು. ಅದನ್ನು ‘ಈ ದೇಶದ ಪ್ರಜೆಗಳ ಮಕ್ಕಳಿಗೆ’ ಎಂದು ಬದಲಿಸಬೇಕೆಂದು ಒಂದು ಗುಂಪು ಹಟ ಹಿಡಿದಿತ್ತು. ಶನಿವಾರ ಸುಬಾಂಗ್ ಜಯಾದ ಸಭಾಭವನದಲ್ಲಿ ಸಂಸದೆಯೊಬ್ಬರು ಜನರ ಮಾತು ಕೇಳಲು ಬರುತ್ತಾರೆ, ಎದುರು ಪಕ್ಷದವರೂ ವ್ಯಾಪಾರಿಗಳೂ ಇರುತ್ತಾರೆ ಎಂದು ಡಾಕ್ಟರು ವಿವರಿಸಿದರು.

“ನಾವು ಡಾಕ್ಟ್ರುಗಳು ಎಷ್ಟು ಹೇಳಿದ್ರೂ ಅವ್ರಿಗೆ ಪಾಠ ಕೇಳಿದ ಹಾಗೆ ಆಗ್ತದೆ ಮಾರಾಯ್ರೆ. ಒಬ್ರು ತಾಯಿ ಮಾತಾಡ್ಬೇಕು. ಹೊರಗಿನಿಂದ ಬಂದ ತಾಯಿ. ನೀವು ಬರ್ಬೇಕು.”

“ಆಯ್ತು ಡಾಕ್ಟ್ರೇ,” ಎಂದುಬಿಟ್ಟಳು ಮಯೂರಿ.

ಮಗಳಿಗೆ ಉಸಿರು ತಂದುಕೊಟ್ಟ ಮನುಷ್ಯನಿಗೆ ಇಲ್ಲ ಎನ್ನುವುದು ಅವಳ ನಾಲಿಗೆಗೆ ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ಗ್ಯಾಸಿನ ಕಟ್ಟೆ ಒರೆಸಿದಳು. ಆಮೇಲೆ ಅದನ್ನೇ ಮತ್ತೆ ಒರೆಸಿದಳು. ಡಾಕ್ಟರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಇನ್ಶೂರೆನ್ಸ್ ಕಾರ್ಡಿನ ಮೇಲೆ ವಿಮೆಯವರ ಹೆಸರಿತ್ತೇ ಹೊರತು ಅದಕ್ಕೆ ಹಣ ಕಟ್ಟುವ ಕಂಪನಿಯದಲ್ಲ. ಆ ಕಂಪನಿ ಸಿಗರೇಟಿನದು.

ಶ್ರೀಪತಿ ಮೈಸೂರಿನಿಂದ ಇಲ್ಲಿಗೆ ಬಂದದ್ದೇ ಮೆರಿಡೇಲ್ ಗ್ರೂಪಿನ ಸಾಫ್ಟ್‌ವೇರ್ ಕೇಂದ್ರಕ್ಕೆ. ಯಾವ ದೇಶದ ಯಾವ ಗೋದಾಮಿನಿಂದ ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಹೋಯಿತು ಎಂದು ಹೇಳುವ ವ್ಯವಸ್ಥೆಯನ್ನು ಅವನ ತಂಡ ನೋಡಿಕೊಳ್ಳುತ್ತಿತ್ತು. ಅವನು ಜೀವನದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ. ಕನ್ನಡದವರ ಕೂಟದಲ್ಲಿ ಯಾರಾದರೂ ಎಲ್ಲಿ ಕೆಲಸ ಎಂದರೆ “ಎಫ್‌ಎಂಸಿಜಿ ಕಂಪನಿ” ಎನ್ನುತ್ತಿದ್ದ. ದಿನಬಳಕೆಯ ಸಾಮಾನು ಮಾರುವ ಯಾವ ಕಂಪನಿಗೂ ಒಪ್ಪುವ ಹೆಸರು ಅದು. ಕೇಳಿದವರು ಸೋಪು, ಬಿಸ್ಕತ್ತು ಎಂದುಕೊಳ್ಳುತ್ತಿದ್ದರು. “ಶಾಂಪೂ ಸ್ಯಾಂಪಲ್ ಇದ್ರೆ ಈ ಕಡೆಗೂ ಸ್ವಲ್ಪ ಬಿಡ್ರೀ” ಎಂದು ಪ್ರತಿ ಹಬ್ಬದಲ್ಲೂ ಒಬ್ಬರಾದರೂ ಕಾಲೆಳೆಯುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ನಗುತ್ತಿದ್ದರು. ಸುಳ್ಳು ಹೇಳಿದ್ದಿಲ್ಲ, ಇದು ಬೇರೆ ಎಂದು ಇಬ್ಬರೂ ತಮ್ಮತಮ್ಮಲ್ಲೇ ಅಂದುಕೊಂಡಿದ್ದರು.

ಸಂಜೆ ಶ್ರೀಪತಿ ಬಂದವನು ಬಟ್ಟೆ ಕೂಡ ಬದಲಿಸದೆ ಸೋಫಾದ ತುದಿಯಲ್ಲಿ ಕುಳಿತ. ಆಫೀಸಿನ ಲಿಫ್ಟಿನಲ್ಲೂ ಕ್ಯಾಂಟೀನಿನಲ್ಲೂ ಅದೇ ಮಾತಂತೆ. ಸುಂಕ ಏರಿದರೆ ಇಲ್ಲಿನ ಕೇಂದ್ರವನ್ನೇ ಬೇರೆ ದೇಶಕ್ಕೆ ಸಾಗಿಸುತ್ತಾರಂತೆ. ಮನೆಯವರು ಈ ವಿಷಯದಲ್ಲಿ ಸಾರ್ವಜನಿಕವಾಗಿ ಮಾತಾಡದಿದ್ದರೆ ಒಳ್ಳೆಯದು ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದ್ದನಂತೆ. ಮಯೂರಿ ಅವನಿಗೆ ಕಾಫಿ ಕೊಟ್ಟು, ಲೋಟ ಅರ್ಧ ಖಾಲಿಯಾಗುವವರೆಗೆ ಕಾದು, ಡಾಕ್ಟರ ಫೋನಿನ ವಿಷಯ ಹೇಳಿದಳು.

ಅವನು ಲೋಟ ಕೆಳಗಿಟ್ಟ. “ಒಪ್ಕೊಂಡ್ಯಾ?”

“ಬಾಯಿಂದ ಬಂದ್ಬಿಡ್ತು ರೀ.”

“ಅಲ್ಲಿ ಯಾರಾದ್ರೂ ನಿಮ್ಮೆಜಮಾನ್ರು ಎಲ್ಲಿ ಕೆಲ್ಸ ಮಾಡ್ತಾರೆ ಅಂದ್ರೆ ಏನ್ ಹೇಳ್ತೀಯಾ?”

“ಎಫ್‌ಎಂಸಿಜಿ ಅಂತೀನಿ.”

ಅವನಿಗೆ ನಗು ಬರಲಿಲ್ಲ. ಕೆಲಸ ಹೋದರೆ ಇನ್ಶೂರೆನ್ಸ್ ಹೋಗುತ್ತದೆ, ಇನ್ಶೂರೆನ್ಸ್ ಹೋದರೆ ಮದ್ದು ಹೋಗುತ್ತದೆ, ಈ ದೇಶದಲ್ಲಿರಲು ಕೊಟ್ಟ ಪಾಸೂ ಹೋಗುತ್ತದೆ ಎಂದು ಅವನು ಒಂದರ ಮೇಲೊಂದು ಜೋಡಿಸಿ ಹೇಳಿದ. ಊರಿಗೆ ಹೋದರೆ, ಮೊದಲೇ ಇರುವ ಕಾಯಿಲೆಗೆ ಅಲ್ಲಿನ ಪಾಲಿಸಿಯವರು ವರ್ಷಗಟ್ಟಲೆ ಕಾಯಿಸುತ್ತಾರೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದಕ್ಕೇ ಮಯೂರಿಗೆ ಎದುರಾಡಲಾಗಲಿಲ್ಲ. ಬೆಳಗ್ಗೆ ಡಾಕ್ಟರಿಗೆ ಏನಾದರೊಂದು ನೆಪ ಹೇಳುತ್ತೇನೆ ಎಂದು ಒಪ್ಪಿಕೊಂಡಳು.

ನೆಪ ಹೇಳುವ ಪ್ರಸಂಗ ಬರಲೇ ಇಲ್ಲ. ಅಷ್ಟರಲ್ಲಿ ಚೀಲ ಮಾತಾಡಿತು.

ಹಿಂದಿನ ವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಮಯೂರಿ ಪುಚೊಂಗ್ ಮತ್ತು ಸುಬಾಂಗ್ ಜಯಾದ ಕನ್ನಡದ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದಿದ್ದಳು. ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ ಎಲ್ಲ ಹಾಕಿಕೊಡಲು ಚೀಲ ಬೇಕಿತ್ತು. ಆಫೀಸಿನ ವಾರ್ಷಿಕೋತ್ಸವದಲ್ಲಿ ಉಳಿದ ಚೀಲಗಳ ಒಂದು ಕಟ್ಟನ್ನೇ ಶ್ರೀಪತಿ ಮನೆಗೆ ತಂದಿದ್ದ. ಕಡುನೀಲಿ ಬಟ್ಟೆ, ಒಳ್ಳೆಯ ಹೊಲಿಗೆ, ಜಿಪ್ಪು, ತಳದಲ್ಲಿ ಗಟ್ಟಿ ಪಟ್ಟಿ. ಮೂಲೆಯಲ್ಲಿ ಸಣ್ಣ ಬೆಳ್ಳಿ ಬಣ್ಣದ ಅಕ್ಷರಗಳಲ್ಲಿ ‘ಮೆರಿಡೇಲ್’ ಎಂದಿತ್ತು. ಆ ಹೆಸರು ಯಾರಿಗೂ ಏನನ್ನೂ ಹೇಳುವಂತಿರಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ಬೀರುವಿನಲ್ಲಿ ಕೊಳೆಸುವುದು ಯಾಕೆ ಎಂದು ಮಯೂರಿ ದೇವಿಯ ಪ್ರಸಾದವನ್ನು ಅದರಲ್ಲೇ ಹಾಕಿ ಹಂಚಿದಳು. ಎಲ್ಲರೂ ಚೀಲವನ್ನು ಹೊಗಳಿದರು. ಇಬ್ಬರು ಇನ್ನೊಂದು ಕೇಳಿ ಇಸಿದುಕೊಂಡರು.

ಸುಂಕವನ್ನು ವಿರೋಧಿಸುವ ಅಂಗಡಿಕಾರರ ಒಕ್ಕೂಟದ ಹಿಂದೆ ಮೆರಿಡೇಲ್ ಎಂಬ ಸಿಗರೇಟು ಕಂಪನಿ ಇದೆ ಎಂದು ಮರುದಿನ ಬೆಳಗ್ಗೆಯೇ ಪತ್ರಿಕೆಯಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಮಾನಸ ಒಂದು ಫೋಟೋ ಹಾಕಿದಳು. ಬೆಂಗಳೂರಿನಿಂದ ಇಲ್ಲಿಗೆ ಬಂದ ಮಾನಸ, ಮಯೂರಿಯ ಆಪ್ತ ಗೆಳತಿ. ಫೋಟೋದಲ್ಲಿ ಅವಳ ಅಡುಗೆಮನೆಯ ಕೊಕ್ಕೆಗೆ ಕಡುನೀಲಿ ಚೀಲ ನೇತಾಡುತ್ತಿತ್ತು, ಬಾಯಿಯಿಂದ ಈರುಳ್ಳಿ ಇಣುಕುತ್ತಿತ್ತು. ‘ಇದೇ ಹೆಸರಲ್ವಾ?’ ಎಂದು ಕೆಳಗೆ ಬರೆದಿದ್ದಳು. ಸ್ವಲ್ಪ ಹೊತ್ತಿನಲ್ಲೇ ಬೇರೆ ಬೇರೆ ಅಡುಗೆಮನೆಗಳ ಫೋಟೋಗಳು ಬಂದವು. ಒಬ್ಬರು ಅದರಲ್ಲಿ ಮಗುವಿನ ಡೈಪರ್ ಇಟ್ಟಿದ್ದರು. ಒಬ್ಬರು ಭಜನೆಯ ತಾಳ ಇಟ್ಟಿದ್ದರು. ಶಾಂಪೂ ಕೇಳಿದ್ದಕ್ಕೆ ಯಾಕೆ ಸಿಗಲಿಲ್ಲ ಎಂದು ಈಗ ಗೊತ್ತಾಯಿತು ಎಂದು ಒಬ್ಬರು ನಗುವ ಮುಖ ಹಾಕಿದರು. ಆಮೇಲೆ ಗುಂಪು ಇದ್ದಕ್ಕಿದ್ದಂತೆ ಮೌನವಾಯಿತು. ಮಯೂರಿಗೆ ನಗುವ ಮುಖಗಳಿಗಿಂತ ಅದೇ ಹೆಚ್ಚು ಚುಚ್ಚಿತು.

ಮಾನಸ ತಾನೇ ಫೋನು ಮಾಡಿದಳು. ಚೀಲ ಕೊಟ್ಟದ್ದು ನೀನೆಂದು ಹೊಳೆಯದೆ ಹಾಕಿದೆ, ಹೊಳೆಯುವಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು ಎಂದು ಕ್ಷಮೆ ಕೇಳಿದಳು. ಆಮೇಲೆ ತಡೆಯಲಾರದೆ, “ಅಲ್ಲ ಕಣೇ, ನಂಗೂ ಹೇಳ್ಲಿಲ್ವಲ್ಲ ನೀನು?” ಎಂದಳು. ಮಯೂರಿ ಒಗೆದ ಬಟ್ಟೆ ತೆಗೆಯಬೇಕು ಎಂದು ಫೋನಿಟ್ಟಳು.

ಡಾಕ್ಟರ ಮನೆಯಲ್ಲೂ ಅವರ ಹೆಂಡತಿ ಅರಿಸಿನ ಕುಂಕುಮದಿಂದ ಒಯ್ದ ಒಂದು ಚೀಲವಿತ್ತು. ಸಂಜೆ ಅವರು ಮಾತಾಡಿದಾಗ ದನಿ ಎಂದಿನಷ್ಟೇ ಮೃದುವಾಗಿತ್ತು. ಅವರು ಏನನ್ನೂ ಕೆದಕಲಿಲ್ಲ. ಶನಿವಾರಕ್ಕೆ ಬೇರೆ ತಾಯಿಯನ್ನು ಹುಡುಕುತ್ತೇನೆ, ನೀವು ಯೋಚನೆ ಮಾಡಬೇಡಿ ಎಂದರು. ವೇದಿಕೆಯ ಮೇಲೆ ಅವಳನ್ನು ನೋಡಿದರೆ ಎದುರಿನವರು ಅದನ್ನೇ ಹಿಡಿದು ಜಗ್ಗಾಡುತ್ತಾರಂತೆ, ಅವಳಿಗೂ ತೊಂದರೆ, ಶ್ರೀಪತಿಗೂ ತೊಂದರೆಯಂತೆ. “ಮಗುವಿನ ಇಂಜೆಕ್ಷನ್ ಮಾತ್ರ ತಪ್ಪಿಸ್ಬೇಡಿ. ಅದು ಎಲ್ಲಿಂದ ಬಂದ್ರೂ ಮದ್ದು ಮದ್ದೇ,” ಎಂದು ಮುಗಿಸಿದರು.

ಬೇಕಾಗಿದ್ದ ಬಿಡುಗಡೆ ಕೈಗೆ ಬಂದಿತ್ತು. ಆದರೂ ಮಯೂರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿ ಆರಿಸಲು ಕುಳಿತು ಎದ್ದಳು. ಫ್ರಿಜ್ಜಿನ ಬಾಗಿಲು ತೆಗೆದು ಏನು ಬೇಕಿತ್ತೆಂದು ಮರೆತು ಮುಚ್ಚಿದಳು. ಹೋಗಬೇಡ ಎಂದು ಗಂಡ ಹೇಳಿದಾಗ ಇಷ್ಟು ಸಂಕಟವಾಗಿರಲಿಲ್ಲ. ನೀವು ಬೇಡ ಎಂದು ಡಾಕ್ಟರು ಅಷ್ಟು ಪ್ರೀತಿಯಿಂದ ಹೇಳಿದ್ದು, ತನ್ನ ತಾಯ್ತನದ ಮೇಲೇ ಯಾರೋ ಚೀಟಿ ಅಂಟಿಸಿದಂತೆ ಇರಿಯುತ್ತಿತ್ತು.

ಹಿತ್ತಲಿನ ಬೇಲಿಯಾಚೆ ಸುಮತಿ ಬಟ್ಟೆ ಮಡಚುತ್ತಿದ್ದಳು. ಬೆಳಗ್ಗೆ ಅನೀಶನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದಳಂತೆ. ತನ್ನ ತಮಿಳನ್ನು ಮಯೂರಿಗಾಗಿ ನಿಧಾನಿಸಿ ಮಾತಾಡುವವಳು ಅವಳು. ಅಲ್ಲಿ ಡಾಕ್ಟರುಗಳು ಒಳ್ಳೆಯವರು, ಖರ್ಚು ಏನೂ ಇಲ್ಲದಷ್ಟೇ, ಆದರೆ ಶ್ರೀಯಾಗೆ ಕೊಡುವ ಮದ್ದಿಗೆ ಸಾಲು ದೊಡ್ಡದಿದೆ, ಕಾಯಬೇಕು ಎಂದಿದ್ದಾರೆ ಎಂದಳು. ಸುಂಕದ ವಿಷಯ ಮಯೂರಿ ಎತ್ತಿದಾಗ ಸುಮತಿ ಪ್ಯಾಂಟೊಂದನ್ನು ಜೋರಾಗಿ ಒದರಿದಳು. ಬೆಲೆ ಏರಿದರೆ ತನ್ನ ಗಂಡ ಬಿಡುತ್ತಾನೆಯೇ, ಕಳ್ಳಸಾಗಣೆಯ ಅಗ್ಗದ ಪ್ಯಾಕೆಟ್ಟಿಗೆ ಹೋಗುತ್ತಾನೆ, ಅಷ್ಟೇ ಎಂದಳು. ಆಮೇಲೆ ಅದನ್ನು ಮಡಚುತ್ತ, ಹೇಗೂ ಸೇದುತ್ತಾನಲ್ಲ, ಆ ದುಡ್ಡಿನಲ್ಲಿ ಸ್ವಲ್ಪವಾದರೂ ಹುಡುಗನ ಕಡೆಗೆ ತಿರುಗಿದರೆ ಬೇಡ ಎನ್ನಲೇ ಎಂದೂ ಹೇಳಿದಳು. ಮಯೂರಿಯ ಗಂಡ ಎಲ್ಲಿ ಕೆಲಸ ಮಾಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಮಯೂರಿ ಬೇಲಿಗೆ ಇನ್ನಷ್ಟು ಹತ್ತಿರ ಬಂದು ಅದನ್ನು ಹೇಳಿದಳು. ಸುಮತಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು.

“ಅಪ್ಪೋ, ನಮ್ಮ ಮನೆಯವ್ರು ಸಿಗರೇಟಿಗೆ ಕಟ್ಟೋ ದುಡ್ಡು ನಿಮ್ಮ ಪಾಪಾಗೆ ಹೋಗುದಾ?” ಎಂದಳು, ಮಯೂರಿಯಿಂದ ಕಲಿತ ಕನ್ನಡಕ್ಕೆ ತಮಿಳು ಬೆರೆಸಿ. ಕುಹಕವಿರಲಿಲ್ಲ. ಸುಮ್ಮನೆ ಲೆಕ್ಕ ಅರ್ಥವಾದವಳ ಹಾಗೆ ಕೇಳಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬೆಳಗ್ಗೆ ತಿಂಡಿಯ ತಟ್ಟೆ ತೊಳೆದು, ಸೀರೆ ಉಟ್ಟು ಬಂದು ಮಯೂರಿ ಗಂಡನ ಎದುರು ನಿಂತಳು.

“ಮಾತಾಡಲ್ಲ. ಹಿಂದ್ಗಡೆ ಕೂತ್ಕೊಂಡು ಕೇಳ್ತೀನಿ. ಮನೇಲಿ ಇರಕ್ಕಾಗ್ತಿಲ್ಲ ರೀ.”

ಶ್ರೀಪತಿ ಅವಳನ್ನೇ ನೋಡಿದ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡ. ದಾರಿಯುದ್ದಕ್ಕೂ ಹಿಂದಿನ ಸೀಟಿನ ಶ್ರೀಯಾ ಒಬ್ಬಳೇ ಮಾತಾಡಿದಳು. ಅಪ್ಪ ಮಗಳು ಕಾರಿನಲ್ಲೇ ಇರುವುದೆಂದೂ, ಮುಗಿದ ಮೇಲೆ ಮಾಮಕ್ ಹೋಟೆಲಿನಿಂದ ಪರೋಟದಂಥ ರೋಟಿ ಕನಾಯ್ ‘ತಪಾವ್’, ಎಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಮನೆಗೆ ಹೋಗುವುದೆಂದೂ ತೀರ್ಮಾನವಾಯಿತು.

ಸಭಾಭವನ ತುಂಬಿತ್ತು. ಮಯೂರಿ ಕೊನೆಯ ಸಾಲಿನ ಕುರ್ಚಿಯಲ್ಲಿ ಸೆರಗನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಡಾಕ್ಟರು ಅವಳನ್ನು ಕಂಡು ಅರೆಕ್ಷಣ ತಡೆದು, ತಲೆಯಾಡಿಸಿ ಮುಂದೆ ನೋಡಿದರು. ಸಂಸದೆ ಕಡಿಮೆ ಮಾತಾಡಿ ಹೆಚ್ಚು ಬರೆದುಕೊಳ್ಳುತ್ತಿದ್ದರು. ಸುಂಕ ಏರಿದರೆ ಕಳ್ಳ ಮಾಲು ಹೆಚ್ಚುತ್ತದೆ, ಜನ ಸೇದುವುದನ್ನು ಬಿಟ್ಟರೆ ಮಕ್ಕಳ ನಿಧಿಯೇ ಬರಿದಾಗುತ್ತದೆ, ಹೀಗೆ ಕರಗುವ ಹಣದ ಮೇಲೆ ಮಕ್ಕಳ ಆರೋಗ್ಯವನ್ನು ನಿಲ್ಲಿಸುವುದು ಸರಿಯೇ ಎಂದು ಚಿತ್ತಾರದ ಬಾತಿಕ್ ಅಂಗಿ ತೊಟ್ಟ ವ್ಯಾಪಾರಿಗಳ ಮುಖಂಡ ಕೇಳಿದ. ಮಾತು ಬಲ್ಲವನು. ಕೊನೆಯದರಲ್ಲಿ ಸತ್ಯವಿದೆ ಎಂದು ಮಯೂರಿಗೂ ಅನ್ನಿಸಿತು. ಮಕ್ಕಳ ಮದ್ದಿಗಾಗಿ ಯಾರಾದರೂ ಸೇದುತ್ತಲೇ ಇರಬೇಕೇ? ಡಾಕ್ಟರು ಎದ್ದು, ಕಡಿಮೆ ಜನ ಸೇದಿದರೆ ಉಬ್ಬಸದ ಮಕ್ಕಳೂ ಕಡಿಮೆಯಾಗುತ್ತಾರೆ, ಬರಿದಾಗುವ ಆ ದಿನ ಬರಲಿ, ಆಗ ಬೇರೆ ದಾರಿ ಹುಡುಕೋಣ ಎಂದರು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಗೊಣಗಿದರು.

ಆಗ ಬಾತಿಕ್ ಅಂಗಿಯವನು ಹೊರದೇಶದವರ ಮಕ್ಕಳ ಮಾತು ಎತ್ತಿದ. ಅವರೆಲ್ಲ ದೊಡ್ಡ ದೊಡ್ಡ ಕಂಪನಿಗಳ ಇನ್ಶೂರೆನ್ಸ್ ಇಟ್ಟುಕೊಂಡು ಬಂದವರು, ನಮ್ಮ ಬಡವ ಸೇದಿ ಕಟ್ಟಿದ ದುಡ್ಡು ಅವರ ಮಕ್ಕಳಿಗೆ ಯಾಕೆ ಎಂದ. ಡಾಕ್ಟರು ಬಾಗಿಲ ಕಡೆ ನೋಡಿದರು. ಡಾಕ್ಟರು ಹುಡುಕಿದ್ದ ಇನ್ನೊಬ್ಬ ತಾಯಿ ಬಂದಿರಲಿಲ್ಲವೆಂದು ಕಾಣುತ್ತದೆ. ಅವರು ಕೈಯಲ್ಲಿದ್ದ ಪೆನ್ನನ್ನು ತಿರುಗಿಸುತ್ತಿದ್ದರು.

ತಾನು ಎದ್ದು ನಿಂತಿದ್ದೇನೆ ಎಂದು ಮಯೂರಿಗೆ ಗೊತ್ತಾದದ್ದು ಮೈಕು ಕೈಗೆ ಬಂದಾಗಲೇ. ಅವಳ ಇಂಗ್ಲಿಷು ಸಣ್ಣ ಸಣ್ಣ ವಾಕ್ಯಗಳದ್ದು.

“ನೀವು ಹೇಳಿದ್ದು ಸರಿ. ನನ್ನ ಮಗಳಿಗೆ ಕಂಪನಿ ಇನ್ಶೂರೆನ್ಸ್ ಇದೆ. ಆ ಕಂಪನಿ ಮೆರಿಡೇಲ್. ಸಿಗರೇಟಿನದು. ನನ್ನ ಗಂಡ ಅಲ್ಲಿ ಕೆಲಸ ಮಾಡುತ್ತಾರೆ.”

ಮುಂದಿನ ಸಾಲುಗಳು ಹಿಂದಕ್ಕೆ ತಿರುಗಿದವು. ಅವಳು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದಳು.

“ಈಗಲೂ ಅವಳ ಮದ್ದಿಗೆ ಸಿಗರೇಟಿನ ದುಡ್ಡೇ ಬರುತ್ತಿದೆ. ಪಕ್ಕದ ಮನೆಯ ಹುಡುಗನಿಗೂ ಇದೇ ಕಾಯಿಲೆ. ಅವನ ಅಪ್ಪ ಸಿಗರೇಟು ಕೊಳ್ಳುತ್ತಾರೆ. ನನ್ನ ಗಂಡ ಅದನ್ನು ಅಂಗಡಿಗೆ ತಲುಪಿಸುವ ಲೆಕ್ಕ ನೋಡುತ್ತಾರೆ. ಮದ್ದು ಮಾತ್ರ ನನ್ನ ಮಗಳಿಗೊಬ್ಬಳಿಗೇ ಸಿಗುತ್ತಿದೆ. ನಾಳೆ ನನ್ನ ಗಂಡನ ಕೆಲಸ ಹೋದರೆ ಅವಳಿಗೂ ಇಲ್ಲ. ಅಪ್ಪ ಎಲ್ಲಿ ಕೆಲಸ ಮಾಡುತ್ತಾನೆ ಅಂತ ಮಗುವಿನ ಎದೆಗೆ ಗೊತ್ತಾಗುವುದಿಲ್ಲ.”

ಇನ್ನೇನೋ ಹೇಳುವುದಿತ್ತು. ಅದು ಬರಲಿಲ್ಲ. ಮೈಕು ಕೊಟ್ಟು ಕುಳಿತಳು. ಸಂಸದೆ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿ, ಮತ್ತೆ ಬರೆದುಕೊಂಡರು. ಬಾತಿಕ್ ಅಂಗಿಯವನು ಆ ವಿಷಯವನ್ನು ಮುಂದುವರಿಸದೆ ಕಳ್ಳಸಾಗಣೆಗೆ ಮರಳಿದ.

ಹೊರಗೆ ಬರುವಾಗ ಡಾಕ್ಟರು ಪಕ್ಕದಲ್ಲಿ ನಡೆದು ಬಂದರು. “ಎಲ್ಲ ಸರಿ ಮಾರಾಯ್ರೆ. ಹೊರಗಿನ ಮಕ್ಕಳನ್ನೂ ಸೇರಿಸ್ಬೇಕು ಅಂತ ಕೇಳ್ಲಿಕ್ಕೇ ಮರ್ತ್‌ಬಿಟ್ರಲ್ಲ ನೀವು,” ಎಂದರು. ಅವಳು ನಿಂತುಬಿಟ್ಟಳು. ನಿಜವಾಗಿಯೂ ಮರೆತಿದ್ದಳು. ಡಾಕ್ಟರು ನಕ್ಕು, ಅವಳ ಕಡೆಗೆ ಕೈಮುಗಿದು ಮುಂದೆ ಹೋದರು.

ಬಾಗಿಲ ಬಳಿ ಶ್ರೀಪತಿ ಶ್ರೀಯಾಳ ಕೈ ಹಿಡಿದು ನಿಂತಿದ್ದ.

“ಕೇಳಿಸ್ತಾ?” ಎಂದಳು ಮಯೂರಿ.

“ಹೊರಗೂ ಸ್ಪೀಕರ್ ಹಾಕಿದ್ರಲ್ಲ. ಪಾರ್ಕಿಂಗ್‌ವರೆಗೂ ಕೇಳಿಸ್ತು.” ಅವನು ಕಾರಿನ ಕಡೆ ತಿರುಗಿದ. ನಡೆಯುತ್ತಲೇ, “ತಲುಪಿಸೋ ಲೆಕ್ಕ ಅಂದ್ಯಲ್ಲ, ಹತ್ತು ವರ್ಷದಿಂದ ಮಾಡ್ತಿದೀನಿ, ನಾನು ಯಾವತ್ತೂ ಹಂಗೆ ಹೇಳ್ಕೊಂಡಿರ್ಲಿಲ್ಲ,” ಎಂದ. ಬೈದದ್ದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಮ್ಯಾನೇಜರ್ ಅವನನ್ನು ಕರೆಸಿದ. ಯಾವುದೂ ತೀರ್ಮಾನವಾಗಿಲ್ಲ, ಮೇಲಿನವರ ಜೊತೆ ಮಾತಾಡುತ್ತೇವೆ ಎಂದಷ್ಟೇ ಹೇಳಿದನಂತೆ. ಕರಡು ಮುಂದಿನ ಅಧಿವೇಶನಕ್ಕೆ ಹೋಯಿತು. ‘ಎಲ್ಲ ಮಕ್ಕಳಿಗೆ’ ಎಂಬ ಮಾತು ಅದರಲ್ಲಿ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಫೋನು ಸದ್ದಾದರೆ ಸಾಕು, ಮಯೂರಿ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು. ಸುಮತಿ ಒಂದು ಡಬ್ಬಿ ನಾಸಿ ಲೆಮಾಕ್, ತೆಂಗಿನಹಾಲಿನ ಅನ್ನ, ಬೇಲಿಯ ಮೇಲಿಂದ ದಾಟಿಸಿದಳು. ಗುಂಪಿನ ಹೆಂಗಸರಲ್ಲಿ ಕೆಲವರು ಮೊದಲಿನಂತೆಯೇ ಮಾತಾಡಿದರು, ಕೆಲವರು ಹಬ್ಬಗಳಿಗೆ ಶುಭಾಶಯ ಮಾತ್ರ ಕಳಿಸಿದರು.

ಹೀಗೆ ಮದ್ದಿನ ದಿನ ಬಂತು. ಈ ಸಲ ಶ್ರೀಪತಿಯೂ ರಜೆ ಹಾಕಿ ಜೊತೆಗೆ ಬಂದ. ಸೂಜಿ ನೋಡಲಾಗದು ಎಂದು ಇಲ್ಲಿಯವರೆಗೆ ಅವನು ಒಂದು ಬಾರಿಯೂ ಬಂದಿರಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ತಲೆಗೆ ತುಡುಂಗ್ ವಸ್ತ್ರ ಸುತ್ತಿದ ಹುಡುಗಿ ಕಾರ್ಡು ತೆಗೆದುಕೊಂಡು, ಇನ್ಶೂರೆನ್ಸ್ ಕಡೆಯಿಂದ ಒಪ್ಪಿಗೆ ಬರಲಿ, ಕೂತಿರಿ ಎಂದಳು. ಪ್ರತಿ ಸಲ ಶ್ರೀಯಾ ನೀರು ಕುಡಿದು ಬರುವಷ್ಟರಲ್ಲಿ ಅದು ಬರುತ್ತಿತ್ತು. ಇಂದು ಅವರ ನಂತರ ಬಂದವರನ್ನೂ ಒಳಗೆ ಕರೆದರು. ಮಯೂರಿ ಎದ್ದು ಕೌಂಟರಿನವರೆಗೆ ಹೋಗಿ, ಕೇಳದೆ ವಾಪಸು ಬಂದಳು. ಶ್ರೀಪತಿಯ ಮಂಡಿ ಒಂದೇ ಸಮ ಕುಣಿಯುತ್ತಿತ್ತು. ಶ್ರೀಯಾ ಅದರ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಅದು ಮತ್ತೆ ಶುರುವಾಯಿತು.

ಕೊನೆಗೆ ಹುಡುಗಿ ಪರದೆ ನೋಡಿ ಕತ್ತೆತ್ತಿದಳು. ಬಂದಿದೆ, ಹೋಗಿ ಎಂದಳು.

ಒಳಗಿನ ಸಣ್ಣ ಕೋಣೆಯಲ್ಲಿ ನರ್ಸ್ ಮದ್ದನ್ನು ಸೂಜಿಗೆ ಎಳೆಯುತ್ತಿದ್ದಳು. ಶ್ರೀಯಾ ಮಂಚದ ತುದಿಯಲ್ಲಿ ಕಾಲು ಆಡಿಸುತ್ತ ಅಪ್ಪನನ್ನು ಕೇಳಿದಳು.

“ಅಪ್ಪಾ, ಈಸ್ ದಿಸ್ ಸ್ಟಿಲ್ ಫ್ರಮ್ ದಿ ಸಿಗರೆಟ್ಸ್?”

ಮಯೂರಿ ಅವನನ್ನು ನೋಡಿದಳು. “ಹೌದು ಪುಟ್ಟಾ,” ಎಂದ ಶ್ರೀಪತಿ. “ಅಪ್ಪ ಕೆಲ್ಸ ಮಾಡೋ ಕಂಪನಿದು.”

“ಆಂಡ್ ನೆಕ್ಸ್ಟ್ ಮಂತ್?”

ಶ್ರೀಪತಿ ಹೆಂಡತಿಯ ಕಡೆ ತಿರುಗಿದ. ಮಯೂರಿ ಮಗಳ ಅಂಗಿಯ ತೋಳನ್ನು ಹೆಗಲವರೆಗೆ ಮಡಚಿದಳು.

“ಮುಂದಿನ ತಿಂಗಳದ್ದು ಇನ್ನೂ ಗೊತ್ತಿಲ್ಲ ಕಂದ. ನಾವು ಕೇಳ್ತಾ ಇದೀವಿ. ಈಗ ಕೈ ಸಡಿಲ ಬಿಡು.”

ಶ್ರೀಯಾ ಕೈ ಸಡಿಲ ಬಿಟ್ಟಳು. ಸೂಜಿ ಒಳಗೆ ಹೋಗುವಾಗ ಶ್ರೀಪತಿ ಮುಖ ತಿರುಗಿಸಲಿಲ್ಲ, ಪೂರ್ತಿ ಮುಗಿಯುವವರೆಗೂ ನೋಡುತ್ತಲೇ ಇದ್ದ.